ನಡುಗುವ ಕೈಗೂ ಕೆಲಸವಿದೆ

(ಎಪ್ರಿಲ್ 11ರ ಪಾರ್ಕಿನ್ಸನ್ ದಿನದ ನಿಮಿತ್ತ ಸಂಘದ ಸದಸ್ಯರ ಸಭೆಯಲ್ಲಿ ಓದಿದ ಭಾಷಣ)



ಈ ವೇದಿಕೆಯ ಮೇಲಿಂದ ನಾವೆಲ್ಲ ಸಂಬಳ, ಬೋನಸ್, ರಜೆ, ಚಾಳಿನ ಬಾಡಿಗೆ, ರಾತ್ರಿಶಾಲೆ ಇವುಗಳ ಮಾತನ್ನೇ ಹೆಚ್ಚಾಗಿ ಕೇಳಿದವರು. ಇಂದು ಒಂದು ರೋಗದ ಮಾತನ್ನಾಡಲು ತಮ್ಮ ಅಪ್ಪಣೆ ಬೇಡುತ್ತೇವೆ. ನಾವು ಎಂದರೆ ಸಂಘದ ನಾಲ್ವರು. ಒಬ್ಬರು ಹೋಟೆಲಿನ ಗಲ್ಲೆಯಲ್ಲಿ ಕುಳಿತವರು, ಒಬ್ಬರು ಅಡಿಗೆಯವರು, ಒಬ್ಬರು 1982ರ ಮುಷ್ಕರದ ತನಕ ಗಿರಣಿಯ ಮಗ್ಗದ ಖಾತೆಯಲ್ಲಿ ದುಡಿದವರು. ನಾಲ್ಕನೆಯವರು ರೋಗಿಯಲ್ಲ, ರೋಗಿಯ ಮಡದಿ. ಮಾತು ನಾಲ್ವರದು, ಓದುವ ದನಿ ಮಾತ್ರ ಒಬ್ಬರದು. ಈ ರೋಗ ಕೈಯನ್ನಷ್ಟೇ ಅಲ್ಲ, ದನಿಯನ್ನೂ ಕುಗ್ಗಿಸುತ್ತದೆ. ಹಿಂದಿನ ಸಾಲಿನವರಿಗೆ ಕೇಳಿಸದಿದ್ದರೆ ದಯವಿಟ್ಟು ಕೈಯೆತ್ತಬೇಕು. ನಾವು ಇನ್ನೊಮ್ಮೆ ಹೇಳುತ್ತೇವೆ.

ಕಾರ್ಮಿಕರ ಸಭೆಯಲ್ಲಿ ಇದರ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಕಾರ್ಮಿಕನ ಆಸ್ತಿ ಯಾವುದು? ಊರಿನಲ್ಲಿ ಗದ್ದೆಯಿಲ್ಲದೆ, ಓದು ಹೆಚ್ಚಿಲ್ಲದೆ ಈ ನಗರಕ್ಕೆ ಬಂದವನ ಬಂಡವಾಳ ಎರಡು ಕೈಗಳು. ಒಂದೇ ಕೈಯಲ್ಲಿ ಆರು ಬಸಿ ಹಿಡಿಯುವ ಸಪ್ಲೈಯರ್, ಕಾವಲಿಯ ಮೇಲೆ ದೋಸೆ ಎರೆಯುವ ಭಟ್ಟರು, ಹರಿದ ನೂಲನ್ನು ಕಣ್ಣು ಮಿಟುಕಿಸುವುದರೊಳಗೆ ಗಂಟುಹಾಕುವ ನೇಕಾರ, ಇವರೆಲ್ಲರ ಅನ್ನ ಕೈಯಲ್ಲಿದೆ. ಆ ಕೈ ನಡುಗಲು ತೊಡಗಿದಾಗ ಅವನು ಅದನ್ನು ಮೊದಲು ಜೇಬಿನಲ್ಲಿ ಅಡಗಿಸುತ್ತಾನೆ. ನಮ್ಮಲ್ಲೊಬ್ಬರನ್ನು, ಗಿರಾಕಿಗಳ ಎದುರಿಗೆ, "ಬೆಳಗ್ಗೆಯೇ ಕುಡಿದು ಬಂದೆಯಾ?" ಎಂದು ಧಣಿಗಳು ಗದರಿಸಿದ್ದುಂಟು. ಜೀವಮಾನದಲ್ಲಿ ಹೆಂಡ ಮುಟ್ಟದ ಮನುಷ್ಯ ಅವರು. ಕೆಲಸ ಹೋದೀತೆಂಬ ಹೆದರಿಕೆ, ಕುಡುಕನೆಂಬ ಅಪವಾದ, ಇವೆರಡರ ನಡುವೆ ಸಿಕ್ಕಿ ಎಷ್ಟೋ ಮಂದಿ ರೋಗವನ್ನು ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಮುಚ್ಚಿಟ್ಟದ್ದು ಬೆಳೆಯುತ್ತದೆ. ಆದುದರಿಂದ ಇದು ಮನೆಯ ಮಾತು ಮಾತ್ರವಲ್ಲ, ಸಂಘದ ಮಾತು.

ಈ ರೋಗಕ್ಕೆ ಹೆಸರು ಬಂದ ಬಗೆಯನ್ನು ಕೇಳಿದರೆ ತಮಗೆ ಅಭಿಮಾನವೆನಿಸೀತು. ಜೇಮ್ಸ್ ಪಾರ್ಕಿನ್ಸನ್ ಎಂಬವರು 1755ರ ಎಪ್ರಿಲ್ 11ರಂದು ಲಂಡನ್ ನಗರದಲ್ಲಿ ಹುಟ್ಟಿದರು. ವೃತ್ತಿಯಿಂದ ವೈದ್ಯರು, ಜೊತೆಗೆ ಬಡವರಿಗೂ ಮತದಾನದ ಹಕ್ಕು ಬೇಕೆಂದು 'ಓಲ್ಡ್ ಹ್ಯೂಬರ್ಟ್' ಎಂಬ ಗುಪ್ತನಾಮದಿಂದ ಕರಪತ್ರ ಬರೆದವರು. 1794ರಲ್ಲಿ ರಾಜನ ಮೇಲಿನ ಸಂಚೊಂದರ ವಿಚಾರಣೆಯಲ್ಲಿ ಅವರನ್ನು ಕರೆಸಿ ಪ್ರಶ್ನಿಸಿದ್ದೂ ಉಂಟು. ಇಂಥವರು 1817ರಲ್ಲಿ 'ನಡುಗುವ ವಾತ'ದ ಬಗ್ಗೆ ಒಂದು ಸಣ್ಣ ಗ್ರಂಥ ಪ್ರಕಟಿಸಿದರು. ಅದರಲ್ಲಿ ಆರು ಮಂದಿಯ ವಿವರವಿದೆ. ಕೆಲವರನ್ನು ಅವರು ಬೀದಿಯಲ್ಲಿಯೇ ಕಂಡು ಗಮನಿಸಿದ್ದರು. ಮೊದಲನೆಯವನು ಐವತ್ತು ದಾಟಿದ ಒಬ್ಬ ತೋಟಗಾರ. ಕಷ್ಟಪಟ್ಟು ದುಡಿದವನು, ಕುಡಿತವಿಲ್ಲದ ಮಿತಜೀವಿ ಎಂದು ಅವರು ಸ್ಪಷ್ಟವಾಗಿ ಬರೆದಿದ್ದಾರೆ. ಬಂಧುಗಳೆ, ಈ ರೋಗದ ಚರಿತ್ರೆಯ ಮೊದಲನೆಯ ರೋಗಿಯೇ ಒಬ್ಬ ಕಾರ್ಮಿಕ. ಅವನು ಕುಡುಕನಲ್ಲವೆಂಬ ಸಾಕ್ಷಿಯೂ ಅಲ್ಲೇ ಇದೆ. ಮುಂದೆ ಪ್ಯಾರಿಸಿನ ಶಾರ್ಕೋ ಎಂಬ ವೈದ್ಯರು ಈ ರೋಗಕ್ಕೆ ಪಾರ್ಕಿನ್ಸನ್ನರ ಹೆಸರನ್ನೇ ಇಟ್ಟರು.

ದೇಹದಲ್ಲಿ ಆಗುವುದಿಷ್ಟು. ಮಿದುಳಿನ ಬುಡದಲ್ಲಿ ಕಪ್ಪುಬಣ್ಣದ ಒಂದು ಚಿಕ್ಕ ಭಾಗವಿದೆ. ಅಲ್ಲಿಯ ಜೀವಕೋಶಗಳು ಡೋಪಮಿನ್ ಎಂಬ ರಸವನ್ನು ತಯಾರಿಸುತ್ತವೆ. ಯಂತ್ರಕ್ಕೆ ಎಣ್ಣೆಯಿದ್ದ ಹಾಗೆ ನಮ್ಮ ಚಲನೆಗೆ ಈ ರಸ. ಎಣ್ಣೆ ಬತ್ತಿದ ಮಗ್ಗ ಕಿರುಗುಟ್ಟಿ ನಿಧಾನವಾಗುವಂತೆ ಮನುಷ್ಯನೂ ನಿಧಾನವಾಗುತ್ತಾನೆ. ಹೊರಗೆ ಲಕ್ಷಣ ಕಾಣಿಸುವ ಹೊತ್ತಿಗೆ ಆ ಕೋಶಗಳಲ್ಲಿ ಬಹುಭಾಗ ಸವೆದುಹೋಗಿರುತ್ತದೆ. ಸವೆಯುವುದಕ್ಕೆ ವಯಸ್ಸು, ವಂಶದ ಗುಣ, ಕೆಲವು ಕೀಟನಾಶಕಗಳಂಥ ವಿಷಗಳು ಇವೆಲ್ಲ ಸೇರಿ ಕಾರಣ. ಅರುವತ್ತರ ಆಸುಪಾಸಿನಲ್ಲಿ ಹೆಚ್ಚು. ನಲುವತ್ತರೊಳಗೆ ಬರುವುದೂ ಉಂಟು. 2019ರಲ್ಲಿ ಲೋಕದಲ್ಲಿ 85 ಲಕ್ಷಕ್ಕೂ ಹೆಚ್ಚು ಮಂದಿಗೆ ಈ ರೋಗವಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನಮ್ಮ ಮುಂಬಯಿಯ ಪಾರಸಿ ಬಂಧುಗಳಲ್ಲಿ ಮನೆಮನೆಗೆ ಹೋಗಿ ಮಾಡಿದ ಎಣಿಕೆಯೊಂದು 1988ರಲ್ಲಿ ಪ್ರಕಟವಾಯಿತು. ಲಕ್ಷಕ್ಕೆ 328 ಮಂದಿಯಲ್ಲಿ ರೋಗ ಕಂಡುಬಂದಿತ್ತು. ಇದು ದೂರದ ದೇಶದ ಕಾಯಿಲೆಯಲ್ಲ.

ಇನ್ನು ಲಕ್ಷಣಗಳು. ಇವನ್ನು ನಮ್ಮ ಕೆಲಸದ ಭಾಷೆಯಲ್ಲಿಯೇ ಹೇಳುತ್ತೇವೆ. ಕೈ ತೊಡೆಯ ಮೇಲೆ ಸುಮ್ಮನೆ ಇದ್ದಾಗ ಬೆರಳು ಜಪಮಾಲೆ ಎಣಿಸುವಂತೆ ನಡುಗುತ್ತದೆ. ಕೈ ಚಾಚಿ ಲೋಟ ಹಿಡಿದಾಗ ನಡುಕ ಎಷ್ಟೋ ಕಡಿಮೆಯಾಗುತ್ತದೆ. ಲೋಟ ಹಿಡಿದಾಗ ಮಾತ್ರ ನಡುಗುವುದು ಹೆಚ್ಚಾಗಿ ಬೇರೆ ಜಾತಿಯ ನಡುಕ. ನಡುಕ ಒಂದು ಮಗ್ಗುಲಿನಿಂದ ಆರಂಭವಾಗುತ್ತದೆ. ನಡುಕವೇ ಇಲ್ಲದ ರೋಗಿಗಳೂ ಇದ್ದಾರೆಂಬುದನ್ನು ಮರೆಯಬಾರದು. ಅವರಲ್ಲಿ ನಿಧಾನವೇ ಮುಖ್ಯ ಚಿಹ್ನೆ. ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುತ್ತದೆ. ನಡೆಯುವಾಗ ಒಂದು ಕೈ ಬೀಸುವುದಿಲ್ಲ. ಭುಜ ಬಿಗಿದು ನೋಯುತ್ತದೆ. ಗಲ್ಲೆಯವರ ಅಕ್ಷರ ಸಾಲಿನ ಕೊನೆಗೆ ಹೋಗುತ್ತ ಹೋಗುತ್ತ ಸಾಸಿವೆಯಷ್ಟಾಗುತ್ತದೆ. ಒಳಗೆ ಕೂಗಿ ಹೇಳಿದ ಆರ್ಡರು ಭಟ್ಟರಿಗೆ ಕೇಳಿಸುವುದಿಲ್ಲ. ಮುಖದ ಸ್ನಾಯು ಬಿಗಿದು ನಗು ಮಾಯವಾಗುತ್ತದೆ. ಗಿರಾಕಿಗಳು ಇವನಿಗೇನೋ ಸಿಟ್ಟು ಎಂದುಕೊಳ್ಳುತ್ತಾರೆ.

ಇದಕ್ಕೂ ಮುಂಚೆ, ಕೆಲವೊಮ್ಮೆ ಎಷ್ಟೋ ವರ್ಷ ಮುಂಚೆ, ಮೂರು ಸೂಚನೆಗಳು ಬರಬಹುದು. ಮೂಗಿಗೆ ವಾಸನೆ ತಿಳಿಯದಿರುವುದು ಒಂದು. ಅಡಿಗೆಯವರಿಗೆ ಇಂಗಿನ ಒಗ್ಗರಣೆಯ ಪರಿಮಳವೇ ಬರದಿದ್ದರೆ ಅದು ಸಣ್ಣ ಮಾತಲ್ಲ. ಬಿಡದ ಮಲಬದ್ಧತೆ ಎರಡನೆಯದು. ಮೂರನೆಯದು, ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೂಗುವುದು, ಒದೆಯುವುದು. ಒಂದೇ ಕೋಣೆಯಲ್ಲಿ ಹತ್ತು ಚಾಪೆ ಹಾಸಿ ಮಲಗುವ ನಮ್ಮ ಹುಡುಗರು ಇದನ್ನು ನಗೆಚಾಟಿಕೆ ಮಾಡುವುದುಂಟು. ಈ ಮೂರರಲ್ಲಿ ಒಂದಿದ್ದರೆ ರೋಗ ಬಂದೇ ಬಿಟ್ಟಿತೆಂದು ಹೆದರಬೇಕಾಗಿಲ್ಲ. ಆದರೆ ಅದರ ಜೊತೆಗೆ ನಿಧಾನವೂ ಕಂಡರೆ ನರರೋಗದ ಡಾಕ್ಟರರಲ್ಲಿ ತೋರಿಸಬೇಕು.

ಇದು ಅಂಟುರೋಗವಲ್ಲ, ಇವರು ಮುಟ್ಟಿದ ಲೋಟ, ಬಡಿಸಿದ ಅನ್ನದಿಂದ ಯಾರಿಗೂ ಏನೂ ಆಗದು. ಇದು ನಾಗದೋಷವಲ್ಲ, ಪ್ರೇತಬಾಧೆಯಲ್ಲ, ಹುಚ್ಚಲ್ಲ. ಊರಿಗೆ ಹೋಗಿ ಸೇವೆ ಸಲ್ಲಿಸುವುದು ಅವರವರ ಶ್ರದ್ಧೆ. ಮಾತ್ರೆಯನ್ನು ಮಾತ್ರ ಬಿಟ್ಟು ಹೋಗಬಾರದು. ಇನ್ನೊಂದು ಎಚ್ಚರಿಕೆಯೂ ಇದೆ. ತಲೆಸುತ್ತಿಗೆ ಕೊಡುವ ಸಿನಾರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಮುಂತಾದ ಕೆಲವು ಮಾತ್ರೆಗಳಿಂದಲೂ ಇಂಥದೇ ನಡುಕ ಬಿಗಿತಗಳು ಹುಟ್ಟಬಹುದು. ಚೀಟಿಯಿಲ್ಲದೆ ಔಷಧಿಯಂಗಡಿಯಿಂದ ತಿಂಗಳುಗಟ್ಟಲೆ ಇವನ್ನು ಕೊಂಡು ನುಂಗುವವರು ಡಾಕ್ಟರರಿಗೆ ಆ ಸಂಗತಿಯನ್ನು ತಪ್ಪದೆ ಹೇಳಬೇಕು. ಅಂಥ ನಡುಕ, ಮಾತ್ರೆ ಬಿಟ್ಟ ಮೇಲೆ ಕೆಲವು ತಿಂಗಳಲ್ಲಿ ಹೆಚ್ಚಾಗಿ ಇಳಿಯುತ್ತದೆ.

ಈ ರೋಗವನ್ನು ಬುಡಸಮೇತ ಕೀಳುವ ಮದ್ದು ಇನ್ನೂ ಇಲ್ಲ. ಹಾಗೆಂದು ಮದ್ದೇ ಇಲ್ಲವೆನ್ನುವುದು ಸುಳ್ಳು. ಮಿದುಳಿನಲ್ಲಿ ಡೋಪಮಿನ್ ಕೆಲಸವೇನೆಂದು ಸ್ವೀಡನ್ನಿನ ಕಾರ್ಲ್‌ಸನ್ 1957ರಲ್ಲಿ ತೋರಿಸಿದರು. ರೋಗಿಗಳ ಮಿದುಳಿನಲ್ಲಿ ಅದು ಬತ್ತಿರುವುದನ್ನು ವಿಯೆನ್ನಾದ ಹೋರ್ನಿಕೀವಿಚ್ 1960ರಲ್ಲಿ ಕಂಡರು. ಲೆವೊಡೋಪ ಎಂಬ ಔಷಧಿಯನ್ನು ಬಾಯಿಯ ಮೂಲಕ ಕೊಟ್ಟು ರೋಗಿಗಳನ್ನು ಎಬ್ಬಿಸಿ ನಡೆಸಬಹುದೆಂದು ಅಮೇರಿಕದ ಕೋಟ್ಜಿಯಾಸ್ 1967ರಲ್ಲಿ ತೋರಿಸಿದರು. ಇಂದಿಗೂ ಅದೇ ಮುಖ್ಯ ಔಷಧಿ. ನಮ್ಮ ಸರಕಾರದ ಅವಶ್ಯಕ ಔಷಧಿಗಳ ಪಟ್ಟಿಯಲ್ಲಿಯೂ ಇದೆ. ಊರಿನ ಬೇಲಿಯಲ್ಲಿ ಬೆಳೆಯುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಲ್ಲಿಯೂ ಲೆವೊಡೋಪ ಇದೆ. ಆಯುರ್ವೇದದವರು ಕಂಪವಾತಕ್ಕೆ ಅದನ್ನು ಕೊಡುವುದು ಸುಮ್ಮನೆ ಅಲ್ಲ. ಆದರೆ ಮಾತ್ರೆಯನ್ನೂ ನುಂಗಿ, ಯಾರಿಗೂ ತಿಳಿಸದೆ ಆ ಪುಡಿಯನ್ನೂ ತಿಂದರೆ ಪ್ರಮಾಣ ಮೀರಿ ಕೈಕಾಲು ತಾವಾಗಿಯೇ ಕುಣಿಯಲು ತೊಡಗಬಹುದು.

ಹೋಟೆಲಿನವರು ಗಮನಿಸತಕ್ಕ ಒಂದು ಮಾತು. ಈ ಮಾತ್ರೆಯನ್ನು ಹಾಲು ಹಾಕಿದ ಚಹ ಕಾಫಿಯ ಜೊತೆಗೆ, ಇಡ್ಲಿ ವಡೆ ಮೀನು ಮೊಟ್ಟೆಯ ಜೊತೆಗೆ ನುಂಗಿದರೆ ಅದರ ಬಲ ಕುಂದುತ್ತದೆ; ಬೇಳೆ, ಹಾಲು, ಮೀನುಗಳ ಸತ್ವ ಅದರ ದಾರಿಗೆ ಅಡ್ಡ ಬರುತ್ತದೆ. ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು, ಬರಿಯ ನೀರಿನೊಂದಿಗೆ ನುಂಗಬೇಕು. ಹೊಟ್ಟೆ ತೊಳಸಿದರೆ ಒಂದೆರಡು ಬಿಸ್ಕತ್ತು ಸಾಕು. ಮಾತ್ರೆಯ ಹೊತ್ತು ಗಿರಣಿಯ ಭೋಂಗಾದ ಹಾಗೆ ತಪ್ಪಬಾರದು. ತಾನಾಗಿ ಒಮ್ಮೆಲೇ ಬಿಡಲೇಬಾರದು. ಬಿಟ್ಟರೆ ಜೀವಕ್ಕೂ ಅಪಾಯ ಬಂದೀತು. ವರ್ಷಗಳು ಕಳೆದಂತೆ ಮಾತ್ರೆಯ ಬಲ ಇರುವ ಗಂಟೆ, ಇಲ್ಲದ ಗಂಟೆ ಎಂದು ದಿನ ಎರಡಾಗಬಹುದು. ಆಗ ಡಾಕ್ಟರರು ಪ್ರಮಾಣ ಬದಲಿಸುತ್ತಾರೆ. ಆಯ್ದ ಕೆಲವರಿಗೆ ಮಿದುಳಿನಲ್ಲಿ ಸೂಕ್ಷ್ಮ ತಂತಿಯಿಟ್ಟು ವಿದ್ಯುತ್ತಿನಿಂದ ನಡುಕ ತಡೆಯುವ ಶಸ್ತ್ರಕ್ರಿಯೆಯೂ ಇದೆ. ಅದು ಬಲು ದುಬಾರಿ.

ದುಡ್ಡಿಲ್ಲದ ಔಷಧಿಯೂ ಒಂದಿದೆ: ವ್ಯಾಯಾಮ. ದಿನಾಲೂ ನಡೆಯಬೇಕು, ಕೈ ಬೀಸಿ ನಡೆಯಬೇಕು, ಗಟ್ಟಿಯಾಗಿ ಓದಬೇಕು. ನಡೆಯುತ್ತಿರುವಾಗ ಬಾಗಿಲ ಬಳಿ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುವುದುಂಟು. ಆಗ ಯಾರೂ ಎಳೆಯಬಾರದು, ದೂಡಬಾರದು. ಒಂದು, ಎರಡು ಎಂದು ಎಣಿಸಿಕೊಟ್ಟರೆ, ನೆಲದ ಮೇಲೊಂದು ಗೆರೆ ತೋರಿಸಿದರೆ ಕಾಲು ಹೆಚ್ಚಾಗಿ ಏಳುತ್ತದೆ. ಪುಣೆ ಮೂಲದ ವಿನ್ಯಾಸಕಿ ಮಿಲೇಹಾ ಸೋನೇಜಿ ಎಂಬವರು, ಸಮನೆಲದಲ್ಲಿ ತಡವರಿಸುವ ತಮ್ಮ ಮನೆಯ ಹಿರಿಯರು ಮೆಟ್ಟಿಲನ್ನು ಮಾತ್ರ ಸರಾಗವಾಗಿ ಇಳಿಯುವುದನ್ನು ಕಂಡು, ನೆಲದ ಮೇಲೆ ಮೆಟ್ಟಿಲಿನ ಚಿತ್ರವನ್ನೇ ಹಾಸಿ ಅವರನ್ನು ನಡೆಸಿದರು. ತಾಳಕ್ಕೂ ಇದೇ ಶಕ್ತಿಯಿದೆ. ನಮ್ಮವರಿಗೆ ಚೆಂಡೆ ಮದ್ದಳೆಗಳ ತಾಳ ರಕ್ತದಲ್ಲಿಯೇ ಇದೆ. ಭಜನೆಯ ತಾಳವೂ ಇದೆ. ತಿತ್ತಿತ್ತೈ ಎಂದು ಮನಸ್ಸಿನಲ್ಲಿ ಹೇಳಿಕೊಂಡು ನಮ್ಮ ನೇಕಾರ ಬಂಧು ಈ ಸಭಾಗೃಹದ ಬಾಗಿಲು ದಾಟಿ ಬಂದದ್ದನ್ನು ತಾವು ಈಗಷ್ಟೆ ಕಂಡಿರಿ.

ಇನ್ನು ಹಕ್ಕಿನ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ರೋಗವನ್ನು ಹೆಸರಿಸಿ ಸೇರಿಸಲಾಗಿದೆ. ಸರಕಾರಿ ನೌಕರಿಯಲ್ಲಿದ್ದಾಗ ಅಂಗವೈಕಲ್ಯ ಬಂದವನನ್ನು ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ ಎಂದು ಅದು ಹೇಳುತ್ತದೆ. ಇ.ಎಸ್.ಐ. ವಿಮೆಯಲ್ಲಿ ಹೆಚ್ಚಿನ ಕಾಲದ ಕಾಯಿಲೆ ಭತ್ತೆ ಕೊಡುವ ದೀರ್ಘರೋಗಗಳ ಪಟ್ಟಿಯಲ್ಲಿಯೂ ಇದು ಸೇರಿದೆ. ನಿಯಮದಂತೆ ಸಾಕಷ್ಟು ಕಾಲ ವಂತಿಗೆ ಕಟ್ಟಿದವರಿಗೆ ಅದು ಸಲ್ಲುತ್ತದೆ. ಆದರೆ ಖಾಸಗಿ ಹೋಟೆಲಿನ ಮಾಣಿಗೆ ಸರಕಾರಿ ನೌಕರನಿಗಿರುವಷ್ಟು ಗಟ್ಟಿಯಾದ ರಕ್ಷಣೆಯಿಲ್ಲ. ಕಾಗದವಿಲ್ಲದೆ ದುಡಿಯುವವನಿಗೆ ವಿಮೆಯೂ ಇಲ್ಲ. ಅಲ್ಲಿ ಸಂಘವೇ ಅವನ ಕಾಯಿದೆಯಾಗಬೇಕು.

ಆದುದರಿಂದ ಸಂಘದ ಮುಂದೆ ಮೂರು ಬೇಡಿಕೆಗಳನ್ನು ಇಡುತ್ತೇವೆ. ಕೈ ನಡುಗಿತೆಂದು ಯಾರನ್ನೂ, ಡಾಕ್ಟರರ ಮಾತು ಕೇಳದೆ, ಕೆಲಸದಿಂದ ತೆಗೆಯಬಾರದೆಂದು ಧಣಿಗಳೊಡನೆ ಮಾತಾಡಬೇಕು. ತಟ್ಟೆ ಹೊರಲಾರದವನು ಸಾಮಾನಿನ ಲೆಕ್ಕ ನೋಡಬಲ್ಲ, ತರಕಾರಿ ಆರಿಸಬಲ್ಲ, ಹೊಸ ಹುಡುಗರಿಗೆ ಕೆಲಸ ಕಲಿಸಬಲ್ಲ. ಎರಡನೆಯದಾಗಿ, ಪ್ರಮಾಣಪತ್ರ ಮತ್ತು ವಿಮೆಯ ಅರ್ಜಿಗಳನ್ನು ಬರೆದುಕೊಡಲು ವಾರಕ್ಕೊಂದು ಸಂಜೆ ಸಂಘದ ಕೋಣೆಯಲ್ಲಿ ಒಬ್ಬರು ಕುಳಿತಿರಬೇಕು. ನಡುಗುವ ಕೈಗೆ ಅರ್ಜಿಯೇ ಮೊದಲ ಬೆಟ್ಟ. ಮೂರನೆಯದಾಗಿ, ತಿಂಗಳಿಗೊಮ್ಮೆ ನಮ್ಮಂಥವರು ಕನ್ನಡದಲ್ಲಿ ಕುಳಿತು ಮಾತಾಡಲು ಜಾಗ ಕೊಡಬೇಕು. ಮುಂಬಯಿಯಲ್ಲಿ 2001ರಲ್ಲಿ ಹುಟ್ಟಿದ ಪಾರ್ಕಿನ್ಸನ್ ರೋಗಿಗಳ ಸೊಸೈಟಿ, ಪುಣೆಯ ಪಾರ್ಕಿನ್ಸನ್ಸ್ ಮಿತ್ರಮಂಡಳ ಇಂಥ ಕೂಟಗಳನ್ನು ನಡೆಸುತ್ತ ಬಂದಿವೆ. ಅವರಿಂದ ಕಲಿಯೋಣ, ಆದರೆ ದುಃಖ ಹೇಳಿಕೊಳ್ಳಲು ತಾಯಿಮಾತೇ ಬೇಕು.

ನಮ್ಮ ನಾಲ್ಕನೆಯವರು ಒಂದು ಮಾತನ್ನು ಸೇರಿಸಲು ಹೇಳಿದ್ದಾರೆ. ರೋಗ ಒಬ್ಬರಿಗೆ ಬಂದರೂ ನಿದ್ದೆಗೆಡುವವರು ಇಬ್ಬರು. ಉಣ್ಣಿಸುವ, ಮಗ್ಗುಲು ಹೊರಳಿಸುವ, ಮಾತ್ರೆಯ ಹೊತ್ತು ಕಾಯುವ ಹೆಂಗಸು ತಾನು ದಣಿದೆನೆಂದು ಹೇಳಿದರೆ ಅದು ಪ್ರೀತಿಯ ಕೊರತೆಯಲ್ಲ. ನೆರೆಮನೆಯವರು ವಾರಕ್ಕೆ ಎರಡು ಗಂಟೆ ಬಂದು ಕುಳಿತರೆ ಅದೇ ದೊಡ್ಡ ಸಹಾಯ. ರೋಗಿ ಮಂಕಾಗಿ ಗೋಡೆ ನೋಡುತ್ತ ಕುಳಿತರೆ ಸೋಮಾರಿಯೆಂದು ಬೈಯಬೇಡಿರಿ. ಖಿನ್ನತೆ ಈ ರೋಗದ್ದೇ ಒಂದು ಅಂಗ, ಅದಕ್ಕೂ ಚಿಕಿತ್ಸೆಯಿದೆ.

ಮುಷ್ಟಿಯುದ್ಧದಲ್ಲಿ ಲೋಕವನ್ನೇ ಗೆದ್ದ ಮಹಮ್ಮದ್ ಅಲಿಯವರಿಗೆ 1984ರಲ್ಲಿ ಈ ರೋಗವೆಂದು ತಿಳಿಯಿತು. 1996ರಲ್ಲಿ ಅಟ್ಲಾಂಟಾದ ಒಲಿಂಪಿಕ್ ಜ್ಯೋತಿಯನ್ನು ಹೊತ್ತಿಸಿದವರು ಅವರೇ. ಕೈ ನಡುಗುತ್ತಿದ್ದುದನ್ನು ಜಗತ್ತೆಲ್ಲ ಕಂಡಿತು. ಅವರು ಅದನ್ನು ಜೇಬಿನಲ್ಲಿ ಅಡಗಿಸಲಿಲ್ಲ. ದೀಪವೂ ಹೊತ್ತಿಕೊಂಡಿತು. ನಾವು ಅಂಥ ಶೂರರಲ್ಲ. ಗಲ್ಲೆಯವರು, ಒಲೆಯವರು, ಮಗ್ಗದವರು. ಆದರೂ ಇಂದಿನಿಂದ ನಮ್ಮ ಕೈಗಳು ಜೇಬಿನ ಹೊರಗೆ ಇರುತ್ತವೆ. ಸಭೆ ಮುಗಿದ ಮೇಲೆ ಚಹದ ವ್ಯವಸ್ಥೆಯಿದೆ, ಹಂಚುವವರು ನಾವೇ. ಲೋಟಗಳನ್ನು ಅರ್ಧಕ್ಕಷ್ಟೇ ತುಂಬಿಸಿದ್ದೇವೆ. ಬೇಕಾದವರು ಎರಡನೆಯ ಸಲ ಕೇಳಿರಿ, ಸಂಕೋಚಪಡಬೇಡಿರಿ. ತಮ್ಮ ಕೈಯೂ ಎಲ್ಲಿಯಾದರೂ ಸುಮ್ಮನೆ ನಡುಗುತ್ತಿದ್ದರೆ, ಆ ಲೋಟ ತೆಗೆದುಕೊಳ್ಳುವಾಗ ನಮಗೆ ಮೆಲ್ಲಗೆ ಹೇಳಿರಿ. ನಾವು ಯಾರಿಗೂ ಹೇಳುವುದಿಲ್ಲ. ಡಾಕ್ಟರರಲ್ಲಿಗೆ ಜೊತೆಗೆ ಬರುತ್ತೇವೆ.