ಮಕ್ಕಳು ಕರೆಂಟಿನ ಲೆಕ್ಕ ಕೇಳಲಿ

(ಸಕಲೇಶಪುರ ಭಾಗದ ಶಿವಾನುಭವ ಗೋಷ್ಠಿಯೊಂದರಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ 'ಶಕ್ತಿಯ ಮೂಲಗಳು ಮತ್ತು ಮಕ್ಕಳ ಸಂಶೋಧನೆ'. ಹೆಸರು ದೊಡ್ಡದಾಯಿತು. ನಾನು ಹೇಳಹೊರಟಿರುವುದು ಕರೆಂಟ್ ಬಿಲ್ಲು, ಸೌದೆ ಹೊರೆ ಮತ್ತು ನಮ್ಮ ಗುಂಡ್ಯ ಹೊಳೆಯ ವಿಚಾರ.

ಈ ಪಾಠವನ್ನು ಸಾಮಾನ್ಯವಾಗಿ ಹೇಗೆ ಮಾಡುತ್ತೇವೆ? ಕಪ್ಪುಹಲಗೆಯ ಮೇಲೆ ಎರಡು ಕಾಲಂ. ಒಂದರಲ್ಲಿ ಸೂರ್ಯ, ಗಾಳಿ, ನೀರು: ನವೀಕರಿಸಬಹುದಾದವು, ಒಳ್ಳೆಯವು. ಇನ್ನೊಂದರಲ್ಲಿ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು: ಮುಗಿದುಹೋಗುವವು, ಕೆಟ್ಟವು. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಎರಡು ಅಂಕ ಬರುತ್ತದೆ. ಅಷ್ಟೂ ಬೇಡವೆನಿಸಿತೋ ಏನೋ, ಎನ್‌ಸಿಇಆರ್‌ಟಿಯವರು 2023ರಲ್ಲಿ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ಶಕ್ತಿಯ ಆಕರಗಳ ಅಧ್ಯಾಯವನ್ನೇ ತೆಗೆದರು. ಪುಸ್ತಕದಲ್ಲಿ ಇರಲಿ ಬಿಡಲಿ, ನಾನು ಇದನ್ನು ಪ್ರತಿ ವರ್ಷ ಮಾಡಿಸುತ್ತೇನೆ. ಶುರು ಮಾಡುವುದು ಮಾತ್ರ ಆ ಎರಡು ಕಾಲಂನಿಂದ ಅಲ್ಲ.

ಮೊದಲ ದಿನ ಮನೆಯ ಕರೆಂಟ್ ಬಿಲ್ಲು ತರಲು ಹೇಳುತ್ತೇನೆ. "ಸಾರ್, ನಮ್ಮನೇಲಿ ಬಿಲ್ಲೇ ಇಲ್ಲ, ಸೊನ್ನೆ ಬರುತ್ತೆ" ಎನ್ನುತ್ತಾರೆ. ಗೃಹಜ್ಯೋತಿ ಬಂದ ಮೇಲೆ ಬಹಳ ಮನೆಗಳಲ್ಲಿ ಹಾಗೇ. ಆ ಯೋಜನೆ ಬಡವರ ಮನೆಗೆ ನೆಮ್ಮದಿ ತಂದಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸೊನ್ನೆ ಇರುವುದು ಹಣದ ಜಾಗದಲ್ಲಿ. ಅದೇ ಚೀಟಿಯಲ್ಲಿ ಬಳಸಿದ ಯೂನಿಟ್ ಎಂದು ಇನ್ನೊಂದು ಸಾಲಿದೆ, ಅಲ್ಲಿ 40 ಎಂದೋ 90 ಎಂದೋ ಇರುತ್ತದೆ. ಅದಕ್ಕೆ ಯಾರೋ ಎಲ್ಲೋ ಬೆಲೆ ಕೊಟ್ಟಿದ್ದಾರೆ. ಯಾರು ಕೊಟ್ಟರು ಎಂದು ಹುಡುಕುವುದೇ ನಮ್ಮ ಸಂಶೋಧನೆ.

ಎರಡನೆಯ ದಿನ, ಮನೆಯಲ್ಲಿ ಯಾವ ಯಾವ ಶಕ್ತಿ ಬಳಸುತ್ತೀರಿ ಎಂದು ಪಟ್ಟಿ ಬರೆಸುತ್ತೇನೆ. ಕರೆಂಟು, ಸಿಲಿಂಡರು, ಅಪ್ಪನ ಬೈಕಿನ ಪೆಟ್ರೋಲು, ಪಲ್ಪರ್ ಓಡಿಸುವ ಡೀಸೆಲ್ಲು ಎಲ್ಲ ಬರುತ್ತದೆ. ಒಮ್ಮೆ ತೋಟದ ಲೈನ್ ಮನೆಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತು "ಸೌದೆ ಬರೀಬೋದಾ ಸಾರ್?" ಎಂದು ಮೆಲ್ಲಗೆ ಕೇಳಿದಳು. ಅದು ಪಾಠದಲ್ಲಿ ಬರುವಂಥದ್ದಲ್ಲ, ಬಡತನದ ಗುರುತು ಎಂದು ಅವಳಿಗೆ ಅನಿಸಿತ್ತು. ಬರಿ ತಾಯಿ ಎಂದೆ. ಅವಳು ಬರೆದ ಮೇಲೆ ತರಗತಿಯ ಅರ್ಧದಷ್ಟು ಮಕ್ಕಳು ತಮ್ಮ ಪಟ್ಟಿಗೂ ಸೌದೆ ಸೇರಿಸಿದರು. ಬಚ್ಚಲ ಒಲೆ ಇಲ್ಲದ ಮನೆ ನಮ್ಮ ಮಲೆನಾಡಿನಲ್ಲಿ ಎಷ್ಟಿದೆ? ಬಿಸಿಲನ್ನು ಮಾತ್ರ ಒಬ್ಬರೂ ಬರೆದಿರಲಿಲ್ಲ. ಕಣದ ತುಂಬ ಕಾಫಿ ಒಣಗುವುದು ಯಾವ ಶಕ್ತಿಯಿಂದ ಎಂದರೆ ಎಲ್ಲರೂ ನಕ್ಕರು.

ಕಾಫಿ ಚೀಲ ತೂಗುವ ಯಂತ್ರದಲ್ಲೇ ಒಂದು ವಾರ ಸೌದೆ ತೂಗಿದರು. ಸೌದೆ ನವೀಕರಿಸಬಹುದಾದದ್ದೋ ಅಲ್ಲವೋ ಎಂಬ ಜಗಳ ಅಲ್ಲೇ ಹುಟ್ಟಿತು. ನೆರಳಿನ ಮರದ ಕೊಂಬೆ ಕಪಾತ್ ಮಾಡಿ ಉರಿಸಿದರೆ ಮುಂದಿನ ವರ್ಷ ಮತ್ತೆ ಚಿಗುರುತ್ತದೆ. ಕಾಡಿನ ಮರವನ್ನೇ ಬುಡಸಮೇತ ಕಡಿದರೆ ನಮ್ಮ ಕಾಲಕ್ಕೆ ಅದು ಮುಗಿದ ಹಾಗೇ. ವಸ್ತು ಒಂದೇ ಆದರೂ ಅದು ಯಾವ ಕಾಲಂಗೆ ಹೋಗುತ್ತದೆ ಎಂಬುದು ನಾವು ತೆಗೆಯುವ ವೇಗದ ಮೇಲಿದೆ. ಇದನ್ನು ನಾನು ಹೇಳಿಕೊಡಲಿಲ್ಲ, ಜಗಳವಾಡಿಯೇ ಕಂಡುಕೊಂಡರು.

ಇನ್ನು ಕರೆಂಟಿನ ವಿಚಾರ. ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತೆಗೆದಾಗ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. 1,035 ಮೆಗಾವ್ಯಾಟಿನ ಆ ವಿದ್ಯುದಾಗಾರಕ್ಕಾಗಿ ಊರುಗಳು ಮುಳುಗಿದವು. ಕಲ್ಲಿದ್ದಲಿನ ಕಡೆ ಬಂದರೆ ರಾಯಚೂರಿನ ಶಕ್ತಿನಗರ, 1,720 ಮೆಗಾವ್ಯಾಟು. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಇಲ್ಲ, ಪ್ರತಿ ಗಾಡಿಯೂ ಹೊರಗಿನಿಂದ ರೈಲಿನಲ್ಲಿ ಬರಬೇಕು.

ಇಲ್ಲಿ ಮಕ್ಕಳು ಸದಾ ಮುಗ್ಗರಿಸುವ ಕಡೆ ಒಂದಿದೆ, ದೊಡ್ಡವರೂ ಮುಗ್ಗರಿಸುತ್ತಾರೆ. ಮೆಗಾವ್ಯಾಟು ಎಂದರೆ ಸಾಮರ್ಥ್ಯ, ಯೂನಿಟ್ಟು ಎಂದರೆ ಉತ್ಪನ್ನ. ನಿಮ್ಮ ಪಲ್ಪರ್ ಗಂಟೆಗೆ ಒಂದು ಟನ್ ಹಣ್ಣು ಸುಲಿಯಬಲ್ಲದು ಎಂದರೆ ವರ್ಷವಿಡೀ ಸುಲಿಯಿತು ಎಂದಲ್ಲವಲ್ಲ? ಪಾವಗಡದ ಸೌರ ಪಾರ್ಕು 2,050 ಮೆಗಾವ್ಯಾಟು, ರಾಯಚೂರಿಗಿಂತ ದೊಡ್ಡದು ಎಂದು ಒಬ್ಬ ಹುಡುಗ ಬರೆದು ತಂದಿದ್ದ. ರಾತ್ರಿ ಎಷ್ಟು ಎಂದು ಪಕ್ಕದವನು ಕೇಳಿದ. ಸಂಶೋಧನೆ ಎಂದರೆ ಇಂಥ ಒಂದು ಪ್ರಶ್ನೆ.

ಪಾವಗಡವನ್ನು ಸರಿಯಾಗಿ ಲೆಕ್ಕ ಹಾಕಿಸಿದೆ. ಸುಮಾರು 13,000 ಎಕರೆ, ಅಂದರೆ ಒಂದು ಮೆಗಾವ್ಯಾಟಿಗೆ ಆರು ಎಕರೆಯ ಮೇಲೆ. ಆ ನೆಲವನ್ನು ಸರ್ಕಾರ ಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಮಳೆಯಿಲ್ಲದ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ. "ಜಮೀನಿಲ್ಲದ ಕೂಲಿಯವರಿಗೆ?" ಎಂದು ಕೇಳಿದವಳು ಮತ್ತೆ ಲೈನ್ ಮನೆಯ ಹುಡುಗಿಯೇ. ಗುತ್ತಿಗೆ ಹಣ ಹೋಗುವುದು ಪಹಣಿ ಇದ್ದವರಿಗೆ.

ನಮ್ಮೂರಿಗೆ ಸೌರ ಫಲಕ ಹೊಂದುತ್ತದೆಯೇ? ಹತ್ತು ವ್ಯಾಟಿನ ಪುಟ್ಟ ಫಲಕಕ್ಕೆ ಮೀಟರು ಕಟ್ಟಿ ವರ್ಷವಿಡೀ ಮಧ್ಯಾಹ್ನ ಅಳೆಸಿದೆ. ಫೆಬ್ರವರಿಯಲ್ಲಿ ಅರ್ಧ ಆಂಪಿಯರ್ ದಾಟುತ್ತಿದ್ದದ್ದು ಜುಲೈನ ಜಡಿಮಳೆಯಲ್ಲಿ ಅದರ ಐದನೇ ಒಂದು ಭಾಗವೂ ಇರಲಿಲ್ಲ. ಆದರೆ ಅದೇ ಜುಲೈನಲ್ಲಿ ಹೇಮಾವತಿ ಕೆಂಪಗೆ ತುಂಬಿ ಹರಿಯುತ್ತಾಳೆ. ಬಿಸಿಲು ಇರುವಾಗ ನೀರಿಲ್ಲ, ನೀರು ಇರುವಾಗ ಬಿಸಿಲಿಲ್ಲ. ಹಾಗಾದರೆ ನಮ್ಮ ಘಟ್ಟಕ್ಕೆ ಜಲವಿದ್ಯುತ್ತೇ ಸರಿ ಎಂದು ತರಗತಿ ತೀರ್ಮಾನಕ್ಕೆ ಬಂತು.

ಆಗ ಗುಂಡ್ಯದ ಕಾಗದಗಳನ್ನು ಹಂಚಿದೆ. ಎತ್ತಿನಹೊಳೆ, ಹೊಂಗಡಹಳ್ಳದಂಥ ತೊರೆಗಳ ನೀರು ಹಿಡಿದು 200 ಮೆಗಾವ್ಯಾಟ್ ತೆಗೆಯುವ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮ ಮುಂದಿಟ್ಟಿತ್ತು. ಕೇಂದ್ರ ಪರಿಸರ ಸಚಿವಾಲಯ 2010ರಲ್ಲಿ ಮಾಧವ ಗಾಡ್ಗೀಳ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಪಶ್ಚಿಮ ಘಟ್ಟ ತಜ್ಞರ ಸಮಿತಿ ಇದನ್ನು ಪರಿಶೀಲಿಸಿ, 2011ರ ವರದಿಯಲ್ಲಿ ಯೋಜನೆ ಬೇಡ ಎಂದಿತು. ನಿಗಮದ ಮಾತು, ಸಮಿತಿಯ ಮಾತು, ಊರಿನವರ ಕರಪತ್ರ ಮೂರನ್ನೂ ಓದಿಸಿದೆ. ಬರೆದವರು ಯಾರು, ಯಾವ ವರ್ಷ, ಯಾವುದನ್ನು ಎಣಿಸಿದ್ದಾರೆ, ಯಾವುದನ್ನು ಎಣಿಸದೆ ಬಿಟ್ಟಿದ್ದಾರೆ ಎಂದು ಗುರುತು ಹಾಕಿಸಿದೆ. ನೀರು ಪ್ರತಿ ಮಳೆಗಾಲ ಮತ್ತೆ ಬರುತ್ತದೆ, ಮುಳುಗಿದ ಶೋಲೆ ಕಾಡು ಮತ್ತೆ ಬರುವುದಿಲ್ಲ. ಹಾಗಾದರೆ ಇದು ಯಾವ ಕಾಲಂ? ನೆಲೆ ತಪ್ಪಿದ ಆನೆ ಆಲೂರಿನ ಗದ್ದೆಗೆ ಇಳಿದರೆ ಆ ನಷ್ಟವನ್ನು ಯೂನಿಟ್ಟಿನ ದರಕ್ಕೆ ಸೇರಿಸುವವರು ಯಾರು? ಆನೆಗೆ ಮನೆಯವರನ್ನೇ ಕಳೆದುಕೊಂಡವರು ಈ ಸಭೆಯಲ್ಲೂ ಇರಬಹುದು, ಬಿಡಿಸಿ ಹೇಳಬೇಕಾಗಿಲ್ಲ.

ಬೇಡವೇ ಬೇಡ ಎಂದು ಎಲ್ಲರೂ ಕೈ ಎತ್ತಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನನಗೂ ಸುಖವಿತ್ತು. ಆದರೆ ಲೆಕ್ಕ ಬಾಕಿ ಇತ್ತು. ಕಲ್ಲಿದ್ದಲಿನಿಂದ ಒಂದು ಯೂನಿಟ್ ತೆಗೆಯಲು ಹೆಚ್ಚು ಕಡಿಮೆ 700 ಗ್ರಾಂ ಕಲ್ಲಿದ್ದಲು ಬೇಕು. ತಿಂಗಳಿಗೆ 40 ಯೂನಿಟ್ ಬಳಸುವ ಮನೆಗೆ, ಅಷ್ಟೂ ಕಲ್ಲಿದ್ದಲಿನಿಂದಲೇ ಬಂದರೆ, 28 ಕಿಲೋ. ನಮ್ಮ ದೇಶದ ಕಲ್ಲಿದ್ದಲಲ್ಲಿ ಮೂರನೇ ಒಂದು ಭಾಗದಷ್ಟು ಬೂದಿಯೇ. ಅಂದರೆ ಸೊನ್ನೆ ಬಿಲ್ಲಿನ ಆ ಮನೆಗೆ ತಿಂಗಳಿಗೆ ಒಂಬತ್ತು ಕಿಲೋ ಬೂದಿ. "ನಮ್ ಕಾಡು ಉಳೀಬೇಕು ಅಂತ ರಾಯಚೂರಿನವರು ಬೂದಿ ಕುಡೀಬೇಕಾ ಸಾರ್?" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ಇಡೀ ತರಗತಿ ಸುಮ್ಮನಾಯಿತು.

ನಾನು ಉತ್ತರ ಕೊಡಲಿಲ್ಲ. ಒಬ್ಬ ಪೋಷಕರು ಬಂದು "ಮೇಷ್ಟ್ರೇ, ಮಕ್ಕಳಿಗೆ ಇಂಥ ರಾಜಕೀಯ ಯಾಕೆ?" ಎಂದರು. ನನ್ನ ಮಟ್ಟಿಗೆ, ಗುಂಡ್ಯದಲ್ಲಿ ಅಣೆಕಟ್ಟು ಬೇಡ ಎಂಬುದೇ ಸರಿ. ಅದನ್ನು ಇಲ್ಲಿ ಹೇಳುತ್ತೇನೆ, ತರಗತಿಯಲ್ಲಿ ಹೇಳುವುದಿಲ್ಲ. ಬೇಡ ಎನ್ನುವ ಮಗು ರಾಯಚೂರಿನ ಬೂದಿಯ ಲೆಕ್ಕ ಗೊತ್ತಿದ್ದು ಬೇಡ ಎನ್ನಬೇಕು. ಹಾಗೆ ಹೇಳುವ ಮಗು ಮನೆಗೆ ಹೋಗಿ ಖಾಲಿ ಕೋಣೆಯ ಫ್ಯಾನು ಆರಿಸುತ್ತದೆ, ನಾನು ಆರಿಸು ಎನ್ನದಿದ್ದರೂ. ಪ್ರಶ್ನೆಗೆ ಪೀಠ ಹಾಕಿಕೊಟ್ಟ ಅನುಭವ ಮಂಟಪದ ಹೆಸರು ಹೇಳುವ ನಾವು ಮಕ್ಕಳ ಪ್ರಶ್ನೆಗೆ ಹೆದರಿದರೆ ಹೇಗೆ?

ಕೊನೆಗೆ ಮಠಗಳಲ್ಲಿ ಒಂದು ಕೇಳಿಕೆ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರ ತಂಡ ಸಮುದಾಯದ ಗೋಬರ್ ಗ್ಯಾಸ್ ಘಟಕ ಕಟ್ಟಿತ್ತು. ಊರಿನ ಎಲ್ಲ ಒಲೆಗೂ ಗ್ಯಾಸು ಕೊಡುವುದು ಮೊದಲ ಉದ್ದೇಶ. ಅಷ್ಟು ಸಗಣಿ ಸಿಗಲಿಲ್ಲ, ಗ್ಯಾಸು ಸಾಲಲಿಲ್ಲ. ನಿಮಗೆ ಮುಖ್ಯವಾಗಿ ಬೇಕಾದ್ದೇನು ಎಂದರೆ ಜನ ನೀರು ಎಂದರು. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಕೊಳವೆಬಾವಿಯ ನೀರು ಎತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ಬಗ್ಗಡ ಗೊಬ್ಬರವಾಗಿ ವಾಪಸ್ಸು ಹೋಗುತ್ತಿತ್ತು.

ನಮ್ಮ ಮಠಗಳಲ್ಲಿ ದಾಸೋಹದ ಒಲೆ ಆರುವುದೇ ಇಲ್ಲ. ಕೆಲವು ಕಡೆ ಕೊಟ್ಟಿಗೆಯೂ ಇದೆ, ಮಕ್ಕಳ ವಸತಿ ನಿಲಯವೂ ಇದೆ. ದಾಸೋಹದ ಸೌದೆ, ಸಿಲಿಂಡರು, ಕರೆಂಟಿನ ಒಂದು ವರ್ಷದ ಲೆಕ್ಕದ ಪುಸ್ತಕವನ್ನು ಮಕ್ಕಳ ಕೈಗೆ ಕೊಡಿ. ಕೊಟ್ಟಿಗೆಯ ಸಗಣಿ ಎಷ್ಟು ಹೊತ್ತಿನ ಅಡುಗೆಗೆ ಸಾಲುತ್ತದೆ, ಬಚ್ಚಲಿಗೆ ಸೋಲಾರ್ ಹಾಕಿದರೆ ಮಳೆಗಾಲದ ನಾಲ್ಕು ತಿಂಗಳು ಏನು ಮಾಡಬೇಕು ಎಂದು ಅವರೇ ತೂಗಿ, ಅಳೆದು, ಬರೆದು ತರಲಿ. ಗೋಬರ್ ಗ್ಯಾಸು ಸಾಲುವುದಿಲ್ಲ ಎಂಬ ಉತ್ತರವೂ ಬರಬಹುದು, ಪುರದಲ್ಲಿ ಒಲೆಗೆ ಸಾಲದಾದ ಹಾಗೆ. ಆ ವರದಿಯನ್ನು ಇದೇ ಗೋಷ್ಠಿಯಲ್ಲಿ ಮಕ್ಕಳ ಬಾಯಿಂದಲೇ ಓದಿಸೋಣ. ತೂಕದ ಯಂತ್ರ ಮತ್ತು ಮೀಟರು ನಮ್ಮ ಶಾಲೆಯಿಂದ ತರುತ್ತೇನೆ.