ಹೊರರಾಜ್ಯದ ವಕೀಲರು ಮತ್ತು ತಾಲೂಕು ನ್ಯಾಯಾಲಯ

ದೇವನಹಳ್ಳಿಯ ವಿಮಾನ ನಿಲ್ದಾಣದ ಸುತ್ತಲಿನ ಜಮೀನು, ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶ, ಹೊಸಕೋಟೆ ಮತ್ತು ನೆಲಮಂಗಲದ ಗೋದಾಮುಗಳು ಹೊರರಾಜ್ಯದ ಸಂಸ್ಥೆಗಳನ್ನೂ ಇಲ್ಲಿನ ರೈತ ಕುಟುಂಬಗಳನ್ನೂ ಒಂದೇ ದಾವೆಯ ವಾದಿ ಪ್ರತಿವಾದಿಗಳನ್ನಾಗಿ ನಿಲ್ಲಿಸಬಲ್ಲವಾದ್ದರಿಂದ, ಬೇರೊಂದು ರಾಜ್ಯದ ವಕೀಲರ ಪರಿಷತ್ತಿನಲ್ಲಿ ನೋಂದಣಿಯಾದವರು ಒಂದು ಪ್ರಕರಣದ ಮಟ್ಟಿಗೆ ಇಲ್ಲಿ ಹಾಜರಾಗುವ ಬಗೆ ಯಾವುದಿರಬೇಕೆಂಬ ಪ್ರಶ್ನೆ ಈ ವಿಚಾರ ಸಂಕಿರಣದ ಮುಂದಿದೆ.

ಅಮೆರಿಕದಲ್ಲಿ ಒಂದು ರಾಜ್ಯದ ಸನ್ನದು ಮತ್ತೊಂದರಲ್ಲಿ ತಾನಾಗಿ ಊರ್ಜಿತವಾಗುವುದಿಲ್ಲ. ‘ಪ್ರೊ ಹಾಕ್ ವೈಸ್’, ಅಂದರೆ ಆ ಪ್ರಕರಣಕ್ಕಷ್ಟೇ ಸೀಮಿತವಾದ ಅನುಮತಿಯನ್ನು, ಸಾಮಾನ್ಯವಾಗಿ ಸ್ಥಳೀಯ ವಕೀಲರ ಜೊತೆಗೂಡಿ, ನ್ಯಾಯಾಲಯದಿಂದ ಪಡೆಯಬೇಕಾಗುತ್ತದೆ. ಭಾರತದ ಹಾದಿ ಬೇರೆ. ಎಸ್. ಆರ್. ದಾಸ್ ಅಧ್ಯಕ್ಷತೆಯ ಅಖಿಲ ಭಾರತ ವಕೀಲರ ಸಮಿತಿ 1953ರ ವರದಿಯಲ್ಲಿ ದೇಶಕ್ಕೆಲ್ಲ ಒಂದೇ ವಕೀಲವರ್ಗವನ್ನು ಬಯಸಿತು. 1961ರ ವಕೀಲರ ಅಧಿನಿಯಮದ 30ನೆಯ ಕಲಂ ರಾಜ್ಯದ ಯಾದಿಯಲ್ಲಿ ಹೆಸರಿರುವ ಯಾವುದೇ ವಕೀಲರಿಗೆ ದೇಶದ ಎಲ್ಲ ನ್ಯಾಯಾಲಯಗಳಲ್ಲೂ ವೃತ್ತಿ ನಡೆಸುವ ಹಕ್ಕನ್ನು ಕೊಟ್ಟಿತು. ಆದರೂ ಆ ಕಲಂ ಜಾರಿಗೆ ಬಂದದ್ದು 2011ರ ಜೂನ್ 15ರಂದು. ಅರ್ಧ ಶತಮಾನದ ಈ ವಿಳಂಬಕ್ಕೆ ಒಪ್ಪತಕ್ಕ ಸಮರ್ಥನೆ ಕಾಣುವುದಿಲ್ಲ.

ಹಕ್ಕು ನಿರಂಕುಶವೂ ಅಲ್ಲ. 34ನೆಯ ಕಲಂ ಪ್ರಕಾರ ಉಚ್ಚ ನ್ಯಾಯಾಲಯಗಳು ತಮ್ಮಲ್ಲೂ ಅಧೀನ ನ್ಯಾಯಾಲಯಗಳಲ್ಲೂ ವೃತ್ತಿ ನಡೆಸಲು ಷರತ್ತು ವಿಧಿಸಬಹುದು. ತನ್ನ ಯಾದಿಯಲ್ಲಿಲ್ಲದ ವಕೀಲರು ಅಲ್ಲಿನ ವಕೀಲರೊಬ್ಬರೊಡನೆ ಹಾಜರಾಗಬೇಕೆಂಬ ಅಲಹಾಬಾದ್ ಉಚ್ಚ ನ್ಯಾಯಾಲಯದ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಜಮ್ಶೆದ್ ಅನ್ಸಾರಿ ಪ್ರಕರಣದಲ್ಲಿ ಎತ್ತಿಹಿಡಿಯಿತು.

ಅಂಥ ಕಡ್ಡಾಯವನ್ನು ತಾಲೂಕು ನ್ಯಾಯಾಲಯಕ್ಕೆ ತರುವುದು ಸರಿಯಲ್ಲ, ಏಕೆಂದರೆ ಎರಡನೆಯ ವಕೀಲರ ಶುಲ್ಕ ಕಂಪನಿಗೆ ಭಾರವಾಗದಿದ್ದರೂ, ದೂರದ ಊರಿನಿಂದ ತಮಗೆ ನಂಬಿಕೆಯ ವಕೀಲರನ್ನು ಕರೆತರುವ ಬಡ ಕಕ್ಷಿದಾರರಿಗೆ ಖಂಡಿತ ಭಾರವಾಗುತ್ತದೆ. ಆದರೆ ಪಹಣಿ, ಮ್ಯುಟೇಷನ್, ಪೋಡಿ ದಾಖಲೆಗಳನ್ನು ಓದಲಾರದವರು, ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧಿಸುವ 1978ರ ರಾಜ್ಯ ಕಾಯ್ದೆಯನ್ನು ಅರಿಯದವರು, ಕನ್ನಡದಲ್ಲಿ ಸಾಕ್ಷ್ಯ ನುಡಿಯುವ ವೃದ್ಧೆಯನ್ನು ದುಭಾಷಿಯ ಮೂಲಕ ಪಾಟೀಸವಾಲಿಗೆ ಒಳಪಡಿಸುವವರು ಒಬ್ಬರೇ ಪ್ರಕರಣ ನಡೆಸಿದರೆ ನಷ್ಟ ಅನುಭವಿಸುವವರು ಕಕ್ಷಿದಾರರೇ.

ಕಡ್ಡಾಯವಿಲ್ಲದೆಯೇ ಸ್ಥಳೀಯ ವಕೀಲರು ಪ್ರಕರಣ ನಡೆಸಿ, ಹೊರರಾಜ್ಯದವರು ವಾದಕ್ಕಷ್ಟೇ ಬರುವ ಏರ್ಪಾಡಿಗೆ ಹೊಸ ಕಾನೂನು ಬೇಕಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೆಯ ಆದೇಶದ 4ನೆಯ ನಿಯಮ, ಪ್ರಕರಣವನ್ನು ನಡೆಸುವ ವಕಾಲತ್ತನ್ನೂ ಕೇವಲ ವಾದ ಮಂಡಿಸುವ ಅಧಿಕಾರವನ್ನೂ ಬೇರ್ಪಡಿಸಿದೆ: ವಾದಕ್ಕಷ್ಟೇ ಬರುವವರಿಗೆ, ಪಕ್ಷಕಾರರ ಹೆಸರುಗಳನ್ನೂ ತಾವು ಯಾರ ಪರವೆಂಬುದನ್ನೂ ತಮಗೆ ಅಧಿಕಾರ ಕೊಟ್ಟವರು ಯಾರೆಂಬುದನ್ನೂ ತಿಳಿಸಿ ಸಹಿ ಮಾಡಿದ ಹಾಜರಾತಿ ಮೆಮೊ ಸಾಕು, ವಕಾಲತ್ತು ಹೊಂದಿದ ವಕೀಲರೇ ಅವರನ್ನು ಕರೆಸಿದ್ದರೆ ಅದೂ ಬೇಡ. ಇದರೊಂದಿಗೆ ನೋಟಿಸು ಸ್ವೀಕರಿಸಲು ತಾಲೂಕಿನಲ್ಲೊಂದು ವಿಳಾಸವನ್ನೂ ಮೂಲ ನೋಂದಣಿ ಸಂಖ್ಯೆಯನ್ನೂ ಮೆಮೊದಲ್ಲಿ ಬರೆಯಬೇಕೆಂದು ವಕೀಲರ ಅಧಿನಿಯಮದ 34ನೆಯ ಕಲಮಿನಡಿ ನಿಯಮ ಮಾಡಬಹುದೇ, ಮತ್ತು ಕಕ್ಷಿದಾರರು ಬಯಸಿದಾಗ ಜೊತೆಗೆ ನಿಲ್ಲಬಲ್ಲ ಕಿರಿಯ ವಕೀಲರ ಪಟ್ಟಿಯನ್ನು ನಾಲ್ಕೂ ತಾಲೂಕುಗಳ ವಕೀಲರ ಸಂಘಗಳು ಸಿದ್ಧಪಡಿಸಬಹುದೇ ಎಂಬುದನ್ನು ಮೊದಲ ಗೋಷ್ಠಿ ಚರ್ಚೆಗೆ ಎತ್ತಿಕೊಳ್ಳಬೇಕೆಂಬುದು ಈ ಭಾಷಣದ ಕೋರಿಕೆ.