ಚಾಲನೆಯಲ್ಲಿರುವ ಕ್ರಮವಿಧಿಗಳನ್ನು ಗುರುತಿಸುವುದು ಮತ್ತು ಮುಗಿಸುವುದು



ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣವು 2001ರ ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ ಬೇರೂರಿತು. 2017ರಲ್ಲಿ ಆ ಯೋಜನೆಯೇ ಕೈಟ್ ಎಂಬ ಸಂಸ್ಥೆಯ ರೂಪ ತಾಳಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಸ್ವತಂತ್ರ ತಂತ್ರಾಂಶವಾದ ಗ್ನೂ ಲಿನಕ್ಸ್‌ನಲ್ಲಿಯೇ ಅಭ್ಯಾಸ ಮಾಡುತ್ತಾರೆ; ಪ್ರೌಢಶಾಲೆಯಲ್ಲಿ ಪೈಥಾನ್ ಭಾಷೆಯ ಪರಿಚಯ ಪಡೆಯುತ್ತಾರೆ. ಆ ಪರಿಚಯವನ್ನು ಒಂದು ಹೆಜ್ಜೆ ಮುಂದೊಯ್ಯಲು ಯೋಗ್ಯವಾದ ಅಭ್ಯಾಸವೊಂದಿದೆ. ಯಂತ್ರದಲ್ಲಿ ಈಗ ಏನೇನು ನಡೆಯುತ್ತಿದೆ ಎಂದು ಪಟ್ಟಿ ಮಾಡಿ, ಬೇಡವಾದುದನ್ನು ಮುಗಿಸುವ ಪುಟ್ಟ ಕಿಟಕಿಯೊಂದನ್ನು ಮಕ್ಕಳಿಂದಲೇ ಬರೆಯಿಸುವುದು.

ಮೊದಲು ಎರಡು ಪದಗಳನ್ನು ಬೇರ್ಪಡಿಸಬೇಕು: ಪ್ರೋಗ್ರಾಂ ಮತ್ತು ಪ್ರೊಸೆಸ್. ಕಾಸರಗೋಡಿನ ಮಗುವಿಗೆ ಇದನ್ನು ಯಕ್ಷಗಾನದ ಮೂಲಕ ಹೇಳುವುದು ಸುಲಭ. ಪ್ರಸಂಗದ ಪುಸ್ತಕವು ಪ್ರೋಗ್ರಾಂ. ಇಂದು ರಾತ್ರಿ ಬಯಲಿನಲ್ಲಿ ನಡೆಯುವ ಆಟವು ಪ್ರೊಸೆಸ್. ಒಂದೇ ಪ್ರಸಂಗವನ್ನು ಒಂದೇ ರಾತ್ರಿ ಎರಡು ಮೇಳಗಳು ಎರಡು ಊರುಗಳಲ್ಲಿ ಆಡಬಹುದು. ಅಂತೆಯೇ ಒಂದೇ ಪ್ರೋಗ್ರಾಂ ಎರಡು ಪ್ರೊಸೆಸ್‌ಗಳಾಗಿ ನಡೆಯಬಹುದು. ಹೆಸರು ಒಂದೇ ಆದುದರಿಂದ ಪ್ರತಿಯೊಂದಕ್ಕೂ ವ್ಯವಸ್ಥೆಯು ಬೇರೆ ಗುರುತು ಸಂಖ್ಯೆಯನ್ನು, ಅಂದರೆ ಪಿಐಡಿಯನ್ನು, ಕೊಡುತ್ತದೆ.

ಪಟ್ಟಿ ಮಾಡುವ ಕೆಲಸಕ್ಕೆ ಪೈಥಾನ್‌ನಲ್ಲಿ ಪಿಎಸ್‌ಯುಟಿಲ್ ಎಂಬ ಗ್ರಂಥಾಲಯವಿದೆ. ಅದು ಪ್ರತಿ ಪ್ರೊಸೆಸ್‌ನ ಸಂಖ್ಯೆ, ಹೆಸರು, ಅದನ್ನು ನಡೆಸುತ್ತಿರುವ ಬಳಕೆದಾರನ ಹೆಸರುಗಳನ್ನು ಒಂದೊಂದಾಗಿ ಒದಗಿಸುತ್ತದೆ. ಲಿನಕ್ಸ್‌ನಲ್ಲಿ ಈ ವಿವರಗಳೆಲ್ಲ ಪ್ರೋಕ್ ಎಂಬ ಕಡತಕೋಶದಲ್ಲಿ ದೊರೆಯುತ್ತವೆ. ಪಟ್ಟಿಯನ್ನು ಮೊದಲ ಬಾರಿ ನೋಡಿದ ಮಗು ಬೆರಗಾಗುವುದು ಸಹಜ. ತೆರೆದದ್ದು ಎರಡೇ ಕಿಟಕಿಗಳು, ಪಟ್ಟಿಯಲ್ಲಿ ಕಾಣುವುದು ನೂರಾರು ಹೆಸರುಗಳು. ರಂಗಸ್ಥಳದಲ್ಲಿ ಇಬ್ಬರು ವೇಷಧಾರಿಗಳಿದ್ದರೂ ಚೌಕಿಯಲ್ಲಿ ಹಲವರು ದುಡಿಯುತ್ತಿರುತ್ತಾರೆ ಎಂಬ ಮಾತು ಇಲ್ಲಿ ಸಾಕು. ಅವರಲ್ಲಿ ಯಾರನ್ನಾದರೂ ತಿಳಿಯದೆ ಹೊರಗಟ್ಟಿದರೆ ಆಟವೇ ಕೆಡುತ್ತದೆ.

ಆದುದರಿಂದ ಮಕ್ಕಳು ಬರೆಯುವ ಕಿಟಕಿಯು ಎಲ್ಲವನ್ನೂ ತೋರಿಸಬೇಕಾಗಿಲ್ಲ. ಬಳಕೆದಾರನ ಹೆಸರಿನಿಂದ ಪಟ್ಟಿಯನ್ನು ಸೋಸಿದರೆ ವ್ಯವಸ್ಥೆಗೆ ಸೇರಿದವು ಮರೆಯಾಗುತ್ತವೆ. ಆದರೂ ಪರದೆಯನ್ನೇ ನಡೆಸುವ ಪ್ರೊಸೆಸ್‌ಗಳು ಅದೇ ಬಳಕೆದಾರನ ಹೆಸರಿನಲ್ಲಿ ಉಳಿದಿರುತ್ತವೆ. ಮುಗಿಸಬಹುದಾದ ಕೆಲವೇ ಹೆಸರುಗಳನ್ನು ಮೊದಲೇ ಬರೆದಿಟ್ಟು, ಅವನ್ನು ಮಾತ್ರ ತೋರಿಸುವುದು ಸುರಕ್ಷಿತ ಮಾರ್ಗ.

ಇನ್ನು ಮುಗಿಸುವ ವಿಚಾರ. ಪಾಠದ ಸಾರವಿರುವುದು ಇಲ್ಲಿಯೇ. ಆಟವನ್ನು ಮುಗಿಸಲು ಎರಡು ಬಗೆಗಳಿವೆ. ಭಾಗವತರಿಗೆ ಸೂಚನೆ ಕೊಟ್ಟರೆ ಅವರು ಮಂಗಳ ಹಾಡಿ ಮುಗಿಸುತ್ತಾರೆ. ದೀಪವನ್ನೇ ಆರಿಸಿದರೆ ಆಟ ಅಲ್ಲಿಗೇ ತುಂಡಾಗುತ್ತದೆ. ಲಿನಕ್ಸ್‌ನಲ್ಲಿ ಟರ್ಮಿನೇಟ್ ಎಂಬ ಆದೇಶವು 15ನೆಯ ಸಂಜ್ಞೆಯನ್ನು ಕಳುಹಿಸುತ್ತದೆ. ಪ್ರೋಗ್ರಾಂ ಅದನ್ನು ಸ್ವೀಕರಿಸಿ, ತನ್ನ ಕಡತಗಳನ್ನು ಮುಚ್ಚಿ ಹೊರಡಬಹುದು. ಕಿಲ್ ಎಂಬ ಆದೇಶವು ಕಳುಹಿಸುವುದು 9ನೆಯ ಸಂಜ್ಞೆಯನ್ನು; ಅದನ್ನು ತಡೆಯಲು ಯಾವ ಪ್ರೋಗ್ರಾಮಿಗೂ ಅವಕಾಶವಿಲ್ಲ. ವಿಂಡೋಸ್‌ನಲ್ಲಿ ಪಿಎಸ್‌ಯುಟಿಲ್‌ನ ಈ ಎರಡು ಆದೇಶಗಳೂ ಒಂದೇ ಕೆಲಸ ಮಾಡುತ್ತವೆ, ಎರಡೂ ದೀಪವನ್ನು ಆರಿಸುವಂಥವೇ. ಅಲ್ಲಿ ಸೌಮ್ಯವಾಗಿ ಮುಗಿಸಬೇಕಾದರೆ ಡಾಟ್‌ನೆಟ್‌ನ ಕ್ಲೋಸ್ ಮೈನ್ ವಿಂಡೋ ಎಂಬ ಆದೇಶವು ಒದಗುತ್ತದೆ.

ಇನ್ನೊಂದು ಸೂಕ್ಷ್ಮವೂ ಉಂಟು. ‘ಉಳಿಸಬೇಕೆ?’ ಎಂಬ ಪ್ರಶ್ನೆ ಸಾಮಾನ್ಯವಾಗಿ ಮೂಡುವುದು ಕಿಟಕಿಯನ್ನು ಮುಚ್ಚಲು ಕೋರಿದಾಗ ಮಾತ್ರ. 15ನೆಯ ಸಂಜ್ಞೆ ಬಂದಾಗ ಎಷ್ಟೋ ಪ್ರೋಗ್ರಾಂಗಳು ಏನನ್ನೂ ಕೇಳದೆ ಹೊರಟುಹೋಗುತ್ತವೆ. ಲಿಬ್ರೆ ಆಫೀಸಿನಲ್ಲಿ ತೆರೆದಿರುವ ಕಡತಗಳೆಲ್ಲ ಸಾಮಾನ್ಯವಾಗಿ ಒಂದೇ ಪ್ರೊಸೆಸ್‌ನೊಳಗೆ ಇರುತ್ತವೆ. ಒಂದು ಕಡತಕ್ಕಾಗಿ ಅದನ್ನು ಮುಗಿಸಿದರೆ ಉಳಿದವೂ ಹೋಗುತ್ತವೆ. ಕನ್ನಡ ಕೀಲಿಮಣೆಯಲ್ಲಿ ಒಂದೊಂದೇ ಒತ್ತಕ್ಷರವನ್ನು ಹುಡುಕಿ, ಒಂದು ಗಂಟೆ ಕುಳಿತು ಪ್ರಬಂಧ ಬರೆದ ಮಗುವಿನ ಶ್ರಮವು ಒಂದು ಗುಂಡಿಯಿಂದ ಅಳಿಯಬಹುದು. ಮರುದಿನ ಆ ಮಗು ಮತ್ತೆ ಕನ್ನಡದಲ್ಲಿ ಬರೆಯಲು ಕೂರುವುದೇ ಎಂಬುದು ಭಾಷಾ ಅಲ್ಪಸಂಖ್ಯಾತ ಶಾಲೆಯ ಅಧ್ಯಾಪಕರಿಗೆ ಸಣ್ಣ ಪ್ರಶ್ನೆಯಲ್ಲ.

ಆದುದರಿಂದ ಕ್ರಮವು ಹೀಗಿರಲಿ. ಮೊದಲು ಕಿಟಕಿಯನ್ನು ಮುಚ್ಚುವಂತೆ ಕೋರಿಕೆ; ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಡಬ್ಲ್ಯುಎಂಸಿಟಿಆರ್‌ಎಲ್ ಎಂಬ ಸಾಧನವು ಇದನ್ನು ಮಾಡುತ್ತದೆ. ಬಳಕೆದಾರನು ಉತ್ತರಿಸುವಷ್ಟು ಕಾಲ ಕಾಯಬೇಕು. ಅದಕ್ಕೂ ಮಣಿಯದಿದ್ದರೆ ಟರ್ಮಿನೇಟ್. ಬಳಿಕ ಕೆಲವು ಸೆಕೆಂಡುಗಳ ಕಾಯುವಿಕೆ. ಆಗಲೂ ಉಳಿದಿದ್ದರೆ ಮಾತ್ರ ಕಿಲ್, ಅದೂ ‘ಉಳಿಸದ ಕೆಲಸ ನಷ್ಟವಾಗುವುದು’ ಎಂದು ಕನ್ನಡದಲ್ಲಿಯೇ ಎಚ್ಚರಿಸಿ ಒಪ್ಪಿಗೆ ಪಡೆದ ಮೇಲೆ.

ಕೋಡ್ ಬರೆಯುವಾಗ ಮೂರು ಅಂಶಗಳನ್ನು ಗಮನಿಸಬೇಕು. ಪಟ್ಟಿ ಮಾಡಿದ ಕ್ಷಣಕ್ಕೂ ಗುಂಡಿ ಒತ್ತಿದ ಕ್ಷಣಕ್ಕೂ ನಡುವೆ ಪ್ರೊಸೆಸ್ ತಾನಾಗಿ ಮುಗಿದಿರಬಹುದು. ಇನ್ನೊಬ್ಬ ಬಳಕೆದಾರನದಾಗಿದ್ದರೆ ಅನುಮತಿ ದೊರೆಯದಿರಬಹುದು. ಈ ಎರಡು ಸಂದರ್ಭಗಳನ್ನೂ ಕೋಡ್ ನಿಭಾಯಿಸಬೇಕು. ಎರಡನೆಯದಾಗಿ, ಮುಗಿದುದರ ಗುರುತು ಸಂಖ್ಯೆಯನ್ನು ವ್ಯವಸ್ಥೆಯು ಮುಂದೆ ಬೇರೊಂದಕ್ಕೆ ಕೊಡಬಹುದು. ಬರಿಯ ಸಂಖ್ಯೆಯನ್ನು ನೆನಪಿಟ್ಟುಕೊಳ್ಳದೆ ಪಿಎಸ್‌ಯುಟಿಲ್ ಕೊಟ್ಟ ವಸ್ತುವನ್ನೇ ಬಳಸಿದರೆ, ಅದು ಆರಂಭದ ಸಮಯವನ್ನೂ ಹೋಲಿಸಿ ನೋಡಿ, ಬೇರೊಂದನ್ನು ಮುಗಿಸದಂತೆ ಕಾಯುತ್ತದೆ. ಮೂರನೆಯದಾಗಿ, ಮಕ್ಕಳ ಪ್ರೋಗ್ರಾಂ ತನ್ನನ್ನೇ ಪಟ್ಟಿಯಲ್ಲಿ ಕಂಡು ತನ್ನನ್ನೇ ಮುಗಿಸಿಕೊಳ್ಳದಂತೆ ಅದರ ಸಂಖ್ಯೆಯನ್ನು ಬಿಟ್ಟುಬಿಡಬೇಕು.

ಅಭ್ಯಾಸವನ್ನು ಖಾಲಿ ಕಡತದಿಂದ ಆರಂಭಿಸುವುದು ಒಳಿತು. ಒಂದು ಸಾಲು ಬರೆದು ಉಳಿಸದೆ, ಮೂರೂ ಬಗೆಗಳಲ್ಲಿ ಮುಗಿಸಿ, ಪ್ರತಿ ಬಾರಿಯೂ ಆ ಸಾಲು ಉಳಿಯಿತೇ ಎಂದು ಮಕ್ಕಳು ಕೋಷ್ಟಕದಲ್ಲಿ ಬರೆಯಲಿ. ‘ಮುಚ್ಚು’, ‘ಮುಗಿಸು’, ‘ತಡೆದು ನಿಲ್ಲಿಸು’ ಎಂಬ ಮೂರು ಕ್ರಿಯಾಪದಗಳ ಅಂತರವನ್ನು ತಮ್ಮ ಮಾತುಗಳಲ್ಲಿ ವಿವರಿಸಲಿ. ಆಗ ಒಂದೇ ಅವಧಿಯಲ್ಲಿ ಕಂಪ್ಯೂಟರ್ ಪಾಠವೂ ಕನ್ನಡ ಪಾಠವೂ ಜೊತೆಯಾಗಿ ಸಾಗುತ್ತವೆ.